ದನಿ ಹೋದ ಮೇಲೆ

ಬಸ್ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸುಗಳ ಹೊತ್ತು ಹೇಳಿದವಳ ಗಂಟಲಿಗೆ ಆಪರೇಷನ್ ಆಯಿತು. ದನಿ ಮರಳುವುದೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ. ಅಂದಿನಿಂದ ಅವಳಿಗೆ ಹಿಂದಿನ ಕೋಣೆಯಲ್ಲಿ ಕೂತು ವೇಳಾಪಟ್ಟಿ ಬರೆಯುವ ಕೆಲಸ. ಮೈಕಿನಲ್ಲಿ ಹೊಸ ಹುಡುಗಿ ಕೂಗುವಾಗ ಇವಳ ತುಟಿಗಳೂ ತಮ್ಮಷ್ಟಕ್ಕೆ ಅಲುಗುತ್ತಿದ್ದವು.

ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಅಕ್ಕ ಆ ತುಟಿಗಳ ಅಲುಗಾಟ ಕಂಡು ಕಣ್ಣೊರೆಸಿಕೊಂಡಳು. "ಇಷ್ಟು ಬೇಡಿಕೊಂಡ್ರೂ ನಿನ್ನ ದೇವರಿಗೆ ಕಿವಿ ಕೇಳಲ್ವೇನೇ?"

ತಂಗಿ ನಗುತ್ತಾ ಸ್ಲೇಟಿನ ಮೇಲೆ ಬರೆದಳು: "ಕೇಳುತ್ತೆ ಕಣೇ. ದನಿ ಇಲ್ಲದೆ ಕರೆದ್ರೂ ಕೇಳೋದು ಅವನೊಬ್ಬನಿಗೇ."

ಬರೆದ ಮೇಲೆ ಅವಳ ಕಣ್ಣೂ ತುಂಬಿತು. ಒಂದೇ ಒಂದು ಸಲ ಬಾಯಿ ತುಂಬ "ಅಕ್ಕಾ" ಎಂದು ಕರೆಯುವ ಆಸೆ ಅವಳಿಗೆ. ಆ ಆಸೆಯನ್ನೂ ಅವನಿಗೇ ಒಪ್ಪಿಸಿ, ಸಂಜೆಯ ಬಸ್ಸುಗಳ ಪಟ್ಟಿ ಬರೆಯಲು ಕೂತಳು.