ತಾರಸಿಯ ಮೇಲಿನ ತೂಬು

ಸೊಂಟ ಮುರಿದುಕೊಂಡ ಅಪ್ಪನನ್ನು ನಡೆಸುವುದಕ್ಕೂ ಮಣ್ಣಿಲ್ಲದೆ ದಂಟಿನ ಸೊಪ್ಪು ಬೆಳೆಯುವುದಕ್ಕೂ ಏನು ಸಂಬಂಧ ಎಂದು ಕೇಳಿದರೆ ಇವತ್ತಿಗೂ ನಾನು ತಡವರಿಸುತ್ತೇನೆ. ಆಗಂತೂ ನನಗೆ ಏನೆಂದರೆ ಏನೂ ತಿಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಪಾಂಡವಪುರದಲ್ಲಿ ನಮ್ಮದು ಬಾಡಿಗೆ ಮನೆ. ನಾನು ಎದುರು ಬೀದಿಯ ಸ್ಕೂಲಿನಲ್ಲಿ ಟೀಚರು, ಯಜಮಾನರು ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುವ ಗುಮಾಸ್ತರು. ಶ್ರೀರಂಗಪಟ್ಟಣದ ಹತ್ತಿರದ ಊರಿನಲ್ಲಿ ಜೀವಮಾನವಿಡೀ ನಾಲೆ ನೀರಿನಲ್ಲಿ ಭತ್ತ ಬೆಳೆದ ನನ್ನಪ್ಪ ಬದುವಿನ ಮೇಲೆ ಜಾರಿಬಿದ್ದು, ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಗೆ ಬಂದ. ಮೂಳೆ ಕೂಡಿದೆ, ಇನ್ನು ನಡೆಸಿ, ಈಗ ಏಳದಿದ್ದರೆ ಮುಂದೆ ಏಳುವುದೇ ಇಲ್ಲ ಎಂದು ಡಾಕ್ಟರು ಗದರಿದ್ದರು. ಅಪ್ಪ ಜಪ್ಪಯ್ಯ ಅಂದರೂ ಏಳಲಿಲ್ಲ. ಬಚ್ಚಲಿಗೆ ಹೋಗಲೂ ನನ್ನ ಹೆಗಲೇ ಬೇಕು. ಅಳಿಯನ ಎದುರು ಕುಂಟುವುದು ಅವನಿಗೆ ಸಾವಿಗಿಂತ ಹೆಚ್ಚು ಎಂದು ನನಗೆ ಗೊತ್ತಿತ್ತು.

“ನಾಕು ಎಜ್ಜೆ ಆಕಪ್ಪ” ಅಂದರೆ, “ಬುಡವ್ವ, ನಡ್ಕಂಡು ಎಲ್ಲಿಗೋಗ್ಲಿ? ಇಲ್ಲೇನು ಗದ್ದೆ ಅದಾ?” ಅನ್ನುತ್ತಿದ್ದ.

ಒಂದು ಸಂಜೆ ರೇಡಿಯೋದಲ್ಲಿ ಯಾರೋ, ಮಣ್ಣೇ ಬೇಡ, ನೀರಿಗೆ ಗೊಬ್ಬರ ಕರಗಿಸಿ ಮನೆಯಲ್ಲೇ ಸೊಪ್ಪು ಬೆಳೆಯಬಹುದು ಎಂದರು. ಅರ್ಧ ಕೇಳಿಸಿತು, ಇನ್ನರ್ಧವನ್ನು ಕುಕ್ಕರಿನ ಸೀಟಿ ನುಂಗಿತು. ಕೇಳಿಸಿದಷ್ಟರಲ್ಲೇ ನನಗೆ ಹುಚ್ಚು ಹಿಡಿಯಿತು. ತಾರಸಿಯ ಮೇಲೆ ಒಂದಿಷ್ಟು ಹಸಿರು ಮಾಡಿದರೆ ಅಪ್ಪ ನೋಡುವುದಕ್ಕಾದರೂ ಎದ್ದು ಬಂದಾನು ಅನ್ನಿಸಿತು.

ಕೆ.ಆರ್. ಪೇಟೆಗೆ ಮದುವೆಗೆ ಹೋದವಳು ಗೊಬ್ಬರದ ಅಂಗಡಿಗೆ ನುಗ್ಗಿ, ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರ ಕೊಡಿ ಎಂದೆ.

“ಎಷ್ಟು ಎಕ್ರೆಗಮ್ಮ?”

“ಎರಡು ಟಬ್ಬಿಗೆ.”

ಅಂಗಡಿಯವನು ನನ್ನ ರೇಷ್ಮೆ ಸೀರೆಯನ್ನೂ ಮುಖವನ್ನೂ ನೋಡಿ ಒಂದು ಪ್ಯಾಕೆಟ್ ಕೊಟ್ಟ. ಟಬ್ಬಿಗೆ ಎಷ್ಟು ಹಾಕಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಟಬ್ಬುಗಳ ಬದಿಗೆ, ತಳದ ಹತ್ತಿರ ತೂತು ಹೊಡೆಸಿ, ನೀರು ಬದಲಿಸುವುದಕ್ಕೆಂದು ರಬ್ಬರ್ ಬಿರಡೆ ಹಾಕಿದೆ. ಟಿವಿ ಡಬ್ಬದ ಥರ್ಮೋಕೋಲನ್ನು ಮುಚ್ಚಳದಂತೆ ಕತ್ತರಿಸಿ, ಅದರಲ್ಲಿ ತೂತು ಮಾಡಿ, ತೆಂಗಿನ ನಾರು ಸುತ್ತಿದ ಸಸಿಗಳನ್ನು ನಿಲ್ಲಿಸಿದೆ. ಬೇರು ನೀರಿನಲ್ಲಿ, ತಲೆ ಮೇಲೆ. “ಇದಾದ್ಮೇಲೆ ಗಾಳೀಲಿ ರಾಗಿ ಬೆಳೀತೀಯಾ?” ಎಂದು ಯಜಮಾನರು ಚುಡಾಯಿಸಿದರು. ಆದರೆ ಸಸಿಗಳು ಚಿಗುರಿಬಿಟ್ಟವು. ಓಡಿಹೋಗಿ ಅಪ್ಪನಿಗೆ ಹೇಳಿದೆ.

“ಮಣ್ಣಿಲ್ದೆ ಅದೆಂಗವ್ವ ಬತ್ತದೆ? ನಿಂಗೆಲ್ಲೋ ತಲೆ ಕೆಟ್ಟದೆ,” ಅಂದ. ಆಮೇಲೆ ಅವನೇ ಕೇಳಿದ. “ಗೊಬ್ಬರ ಎಂಗಾಕ್ತೀಯ?”

“ನೀರಿಗೇ.”

“ನಿಂತಿರೋ ನೀರ್ಗೆ ಯಾರಾದ್ರೂ ಗೊಬ್ಬರ ಆಕ್ತಾರಾ? ಮೊದ್ಲು ತೂಬು ಬಿಚ್ಚಿ ಗದ್ದೆ ನೀರ ಬಸೀಬೇಕು. ಆಮೇಲೆ ಗೊಬ್ಬರ ಎರಚಿ, ಮಾರ್ನೆ ದಿನ ನೀರು ಕಟ್ಬೇಕು. ಅಷ್ಟೂ ಗೊತ್ತಿಲ್ವಾ ಟೀಚರಮ್ಮಂಗೆ?”

“ಇದು ಗದ್ದೆ ಅಲ್ಲಪ್ಪ. ಬೇಕಾದ್ರೆ ನೀನೇ ಬಂದು ನೋಡು.”

ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ನನ್ನ ಉಪಾಯ ಅಲ್ಲಿಗೆ ಮಕಾಡೆ ಬಿತ್ತು.

ಆಮೇಲೆ ಶುರುವಾಯಿತು ನೋಡಿ, ತಲೆಬುಡ ತಿಳಿಯದ ಕಾಟ. ಬೆಳಿಗ್ಗೆ ನೆಟ್ಟಗಿದ್ದ ಸಸಿಗಳು ಸಂಜೆ ಜೋತುಬಿದ್ದಿರುತ್ತಿದ್ದವು. ಬಿರಡೆ ಭದ್ರವಾಗಿಯೇ ಇತ್ತು, ಟಬ್ಬು ಮಾತ್ರ ಪೂರ್ತಿ ಖಾಲಿ. ಸೋರುತ್ತಿದೆಯೇನೋ ಎಂದು ನೀರು ತುಂಬಿ ಕಾದರೆ ಒಂದು ತೊಟ್ಟೂ ಇಳಿಯಲಿಲ್ಲ. ಬೇರಿನ ತುಂಬ ಬಿಳಿ ಹರಳು, ಎಲೆಯ ಅಂಚೆಲ್ಲ ಸುಟ್ಟಂತೆ. ಬಿಸಿಲು ಕುಡಿಯಿತೇ? ಕೋತಿಯ ಕೆಲಸವೇ? ಕೋತಿ ನೀರು ಕುಡಿದು ಬಿರಡೆ ಹಾಕಿ ಹೋಗುತ್ತದೆಯೇ? ಯಜಮಾನರ ಮೇಲೆ ಹರಿಹಾಯ್ದೆ. “ನಿನ್ನ ತೋಟದ ಸಹವಾಸವೇ ಬೇಡ ಮಾರಾಯ್ತಿ,” ಎಂದು ಕೈಮುಗಿದರು. ಹೊಸ ಸಸಿ ಇಟ್ಟೆ, ಅವೂ ಹೋದವು. ನನ್ನ ಪಿತ್ತ ನೆತ್ತಿಗೇರಿತು.

ಅದರ ಜೊತೆಗೆ ಇನ್ನೊಂದು. ಒಗೆಯಲು ತೆಗೆದರೆ ಅಪ್ಪನ ಪಂಚೆಯ ಹಿಂಭಾಗಕ್ಕೆಲ್ಲ ಸಿಮೆಂಟಿನ ಧೂಳು. ಮಂಚ ಬಿಟ್ಟು ಇಳಿಯದವನಿಗೆ ಇದೆಲ್ಲಿ ಮೆತ್ತಿತು ಎಂದು ಗೊಣಗಿಕೊಂಡೇ ಉಜ್ಜುತ್ತಿದ್ದೆ.

ಒಂದು ಬೆಳಿಗ್ಗೆ ಕನ್ನಡಕ ಮರೆತು ಸ್ಕೂಲಿನಿಂದ ವಾಪಸು ಬಂದೆ. ಮಂಚ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ತಾರಸಿಯ ಮೆಟ್ಟಿಲ ಬುಡದಲ್ಲಿ ಡಾಕ್ಟರು ಕೊಡಿಸಿದ ಕೋಲು ಒರಗಿತ್ತು. ಮೆಟ್ಟಿಲ ಧೂಳಿನ ಮೇಲೆ ಕುಂಡೆ ಊರಿ, ಕೈ ಊರಿ, ಒಂದೊಂದಾಗಿ ಮೇಲಕ್ಕೆ ಜರುಗಿದ ಗುರುತು. ಚಪ್ಪಲಿ ಬಿಟ್ಟು ಹತ್ತಿ, ಕತ್ತು ಮಾತ್ರ ಹೊರಗಿಟ್ಟು ನೋಡಿದೆ.

ಅಪ್ಪ ಪಂಚೆ ಎತ್ತಿಕಟ್ಟಿ, ಮೋಟುಗೋಡೆ ಹಿಡಿದು ನಿಂತಿದ್ದ. ಬಗ್ಗಿ ಬಿರಡೆ ಕಿತ್ತ. ನೀರೆಲ್ಲ ಹರಿದುಹೋಗುವವರೆಗೂ ಕಾದು, ಬಿರಡೆಯನ್ನು ಮತ್ತೆ ತುರುಕಿದ. ಥರ್ಮೋಕೋಲು ಎತ್ತಿ, ನಾನು ಪಕ್ಕದಲ್ಲೇ ಇಟ್ಟಿದ್ದ ಗೊಬ್ಬರದ ಪ್ಯಾಕೆಟ್ಟಿಗೆ ಕೈ ಹಾಕಿ, ಗದ್ದೆಗೆ ಎರಚುತ್ತಿದ್ದನಲ್ಲ, ಹಾಗೇ ಮುಂಗೈ ತಿರುಗಿಸಿ ಬೇರಿನ ಮೇಲೆ ಗೊಬ್ಬರ ಎರಚಿದ. ಕಷ್ಟಪಟ್ಟು ಸಾಕಿದ ಸಸಿಗಳನ್ನು ನನ್ನ ಕಣ್ಣೆದುರೇ ಸುಡುತ್ತಿದ್ದಾನೆ. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಗೋಡೆ ಬಿಟ್ಟ. ಏನನ್ನೂ ಹಿಡಿಯದೆ, ಕುಂಟಿಕೊಂಡು, ಎರಡನೇ ಟಬ್ಬಿನ ಕಡೆಗೆ ನಡೆದ.

ಬಾಯಿ ಮುಚ್ಚಿಕೊಂಡು ಕೆಳಗಿಳಿದೆ. ಕನ್ನಡಕ ತೆಗೆದುಕೊಳ್ಳುವುದನ್ನೇ ಮರೆತು ಸ್ಕೂಲಿಗೆ ಹೋದೆ. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ನನಗೇ ಗೊತ್ತಾಗಲಿಲ್ಲ, ಬೋರ್ಡಿನ ಕಡೆ ತಿರುಗಿ ಸುಮಾರು ಹೊತ್ತು ನಿಂತೇ ಇದ್ದೆ.

ಸಂಜೆ ಬಂದಾಗ ಅಪ್ಪ ಕಂಬಳಿ ಹೊದ್ದು ಮಲಗಿದ್ದ.

“ನಿನ್ ಸೊಪ್ಪು ಎಂಗದವ್ವ?”

“ಸತ್ತೋಯ್ತು ಕಣಪ್ಪ. ಯಾಕೇಂತ ಗೊತ್ತಾಗ್ತಿಲ್ಲ.”

ಅಪ್ಪ ನಿಜವಾಗಿಯೂ ಗಲಿಬಿಲಿಗೊಂಡ. ಹುಬ್ಬು ಗಂಟಿಕ್ಕಿಕೊಂಡು ಸೂರು ನೋಡಿದ. “ಅದ್ಯಾಕಂಗಾಯ್ತು? ಅಂಗಾಗಬಾರ್ದಲ್ಲ,” ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕೈ ತಟ್ಟಿ, “ಓಗ್ಲಿ ಬುಡು. ಇನ್ನೊಂದ್ಸಲ ಇಕ್ಕು,” ಅಂದ.

ಮರುದಿನ ಇನ್ನೂ ಎರಡು ಟಬ್ಬು ತಂದೆ. ಮೆಟ್ಟಿಲಿನಿಂದ ಆದಷ್ಟು ದೂರ, ತಾರಸಿಯ ಆ ಕೊನೆಯಲ್ಲಿ ಇಟ್ಟೆ.