ಅವನು ಓಡಿರಲಿಲ್ಲ

ಅಮೆರಿಕವು ಲಿಬಿಯಾದ ಮೇಲೆ ಬಾಂಬು ಹಾಕಿದ ವರ್ಷ ನಾನು ಬೆಳ್ತಂಗಡಿಯಿಂದ ಮೂಡಬಿದಿರೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಹತ್ತನೆಯ ತರಗತಿ ಪಾಸು ಮಾಡಿದವನು, ದಿನಾ ಪೇಪರು ಓದುವವನು ಎಂಬ ಹೆಮ್ಮೆ ನನಗೆ ಸ್ವಲ್ಪ ಹೆಚ್ಚೇ ಇತ್ತು. ಮೂಡಬಿದಿರೆಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನನ್ನ ಭಾಷಣ ಸುರುವಾಗುತ್ತಿತ್ತು.

ಬರ್ಲಿನ್ನಿನಲ್ಲೆಲ್ಲೋ ಬಾಂಬು ಸಿಡಿದು ಅಮೆರಿಕದ ಸೈನಿಕರು ಸತ್ತಿದ್ದರು. ಮಾಡಿಸಿದ್ದು ಲಿಬಿಯಾ ಎಂದು ಅಮೆರಿಕ ತಾನೇ ತೀರ್ಮಾನಿಸಿತು. ಬ್ರಿಟನ್ನಿನಿಂದ ವಿಮಾನ ಹಾರಿಸಿ, ಜನ ಮಲಗಿದ್ದ ಊರಿನ ಮೇಲೆ ಬಾಂಬು ಸುರಿಸಿ, ಇದು ಭಯೋತ್ಪಾದನೆಯ ವಿರುದ್ಧದ ಹೋರಾಟ ಎಂದಿತು. ಸತ್ತವರಲ್ಲಿ ಮಕ್ಕಳೂ ಇದ್ದರೆಂದು ಪೇಪರಿನಲ್ಲಿ ಬಂದಿತ್ತು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಪೊಲೀಸನೂ ತಾನೇ, ನ್ಯಾಯಾಧೀಶನೂ ತಾನೇ ಆದರೆ ಅದು ನ್ಯಾಯವೋ ಎಂದು ಕೇಳುತ್ತಿದ್ದೆ. ಅಫ್ಘಾನಿಸ್ತಾನದಲ್ಲಿ ತಾವು ಕೋವಿ ಕೊಟ್ಟವರನ್ನು ವೀರರು ಎನ್ನುವವರು, ಬೇರೆ ಕಡೆ ಕೋವಿ ಹಿಡಿದವನನ್ನು ಭಯೋತ್ಪಾದಕ ಎನ್ನುವುದು ಹೇಗೆ ಎಂದೂ ಕೇಳುತ್ತಿದ್ದೆ. ಅದರಲ್ಲಿ ಒಂದು ಮಾತನ್ನೂ ನಾನು ಇವತ್ತಿಗೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಆ ಭಾಷಣವನ್ನು ಮನಸ್ಸಿಟ್ಟು ಕೇಳುತ್ತಿದ್ದವರಲ್ಲಿ ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಪೈಕಿಯ ಒಬ್ಬ ಯುವಕನಿದ್ದ. ಪಾಣೆಮಂಗಳೂರಿನವನು, ಹೆಂಡತಿಯ ಮನೆ ಮೂಡಬಿದಿರೆಯಲ್ಲಿ. ಗಲ್ಫಿನಲ್ಲಿ ವೆಲ್ಡಿಂಗ್ ಕೆಲಸ, ರಜೆಯಲ್ಲಿ ಬಂದಿದ್ದ. ಒಂದು ದಿನ ನನ್ನ ಚಹಾ, ಬನ್ಸಿನ ದುಡ್ಡನ್ನೂ ಅವನೇ ಕೊಟ್ಟು, "ನೀವು ಹೇಳಿದ್ದನ್ನು ನಮಗೆ ಅಲ್ಲಿ ಬಾಯಿ ಬಿಟ್ಟು ಹೇಳ್ಲಿಕ್ಕೆ ಇಲ್ಲ ಕಂಡಕ್ಟ್ರೆ" ಎಂದಿದ್ದ.

ಇನ್ನು ನಮ್ಮ ಕಡೆಯ ಬಸ್ಸಿನ ಒಂದು ಕ್ರಮವನ್ನು ಹೇಳಬೇಕು. ಬಸ್ಸು ಬಂದು ನಿಂತ ಕೂಡಲೇ ಕಿಟಕಿಯಿಂದ ಕೈ ಹಾಕಿ ಸೀಟಿನ ಮೇಲೆ ಏನಾದರೂ ಇಟ್ಟರೆ ಆ ಸೀಟು ಇಟ್ಟವನದ್ದು. ಹೆಗಲ ಮೇಲಿನ ಬೈರಾಸು, ಕೊಡೆ, ಚಪ್ಪಲಿ, ಒಮ್ಮೆ ಒಂದು ಬೂದುಗುಂಬಳ ಸಹ ಸೀಟು ಹಿಡಿದು ಕೂತದ್ದುಂಟು. ಇಟ್ಟವನು ನಿಶ್ಚಿಂತೆಯಿಂದ ಚಹಾಕ್ಕೆ ಹೋಗುತ್ತಾನೆ. ಅದನ್ನು ಕಾಯುವುದು ಕಂಡಕ್ಟರನ ಧರ್ಮ.

ಅಂದು ಮಧ್ಯಾಹ್ನ ಕಿಟಕಿಯಿಂದ ಒಳಗೆ ಬಂದದ್ದು ಒಂದು ಟ್ರಾನ್ಸಿಸ್ಟರು. ನಾನು ತಿರುಗಿ ನೋಡುವಾಗ ಇಟ್ಟವನ ಬೆನ್ನು ಮತ್ತು ಬಿಳಿ ಟೊಪ್ಪಿ ಮಾತ್ರ ಕಂಡಿತು. ಅದರ ಹಿಂದಿನ ವರ್ಷ ದಿಲ್ಲಿಯಲ್ಲಿ ಬಸ್ಸುಗಳಲ್ಲಿ ಬಿಟ್ಟುಹೋದ ಟ್ರಾನ್ಸಿಸ್ಟರುಗಳು ಸಿಡಿದು ಜನ ಸತ್ತಿದ್ದರು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂದು ರೇಡಿಯೊದಲ್ಲಿ ಹೇಳಿ ಹೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಅದನ್ನು ಇಟ್ಟವನ ತಲೆಯ ಮೇಲೆ ಟೊಪ್ಪಿ ಇರದಿದ್ದರೆ, ಸೀಟು ಹಿಡಿದಿದ್ದಾರೆ ಎಂದು ನಾನು ಸುಮ್ಮನಿರುತ್ತಿದ್ದೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾನು ಬಾಂಬು ಎಂದೆ. ಬಸ್ಸು ಖಾಲಿಯಾಯಿತು. ಒಬ್ಬ ಪೊಲೀಸ್ ಪೇದೆ ಬಂದು ದೂರದಲ್ಲೇ ನಿಂತ. ಹೋಟೆಲಿನವರು ಒಂದು ಬಾಲ್ದಿ ನೀರು ತಂದಿಟ್ಟರು. ಅದನ್ನು ಒಳಗೆ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಆ ಗಲ್ಫಿನ ಯುವಕ ಬಾಳೆಹಣ್ಣಿನ ಪೊಟ್ಟಣ ಹಿಡಿದುಕೊಂಡು ಬಂದ. ಗಲಾಟೆ ಏನೆಂದು ಕೇಳಿದ, ಎಲ್ಲರೂ ಇನ್ನಷ್ಟು ಹಿಂದೆ ಸರಿದರು. ಬಸ್ಸು ಹತ್ತಿ, ಟ್ರಾನ್ಸಿಸ್ಟರನ್ನು ತೊಡೆಯ ಮೇಲಿಟ್ಟು ಅದರ ಗುಂಡಿ ತಿರುಗಿಸಿದ. ಯಾರೋ ಕಿರುಚಿದರು. ಮಂಗಳೂರು ಕೇಂದ್ರದಿಂದ ಭತ್ತದ ಕೀಟಗಳ ಬಗ್ಗೆ ಯಾರೋ ನಿಧಾನವಾಗಿ ಮಾತಾಡುತ್ತಿದ್ದರು.

ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ನಮ್ಮ ಡ್ರೈವರ್ ನನಗಿಂತ ಹಿರಿಯರು. ಬೀಡಿ ಹಚ್ಚುತ್ತಾ, "ಏನು ಮಾರಾಯ, ನಿನ್ನನ್ನು ಅಮೆರಿಕದವರು ಕೆಲಸಕ್ಕೆ ಇಟ್ಟುಕೊಂಡರಾ?" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ನಕ್ಕು, ತಪ್ಪಾಯಿತು ಎಂದು ಹೇಳಿ ರೈಟ್ ಎಂದಿದ್ದರೆ ಆಗುತ್ತಿತ್ತು. ಆದರೆ ಪೇದೆಯೂ ನಗೆಪಾಟಲಾಗಿದ್ದ. ಅವನು ನನ್ನ ಕಡೆ ತಿರುಗಿ, ನೀನು ಏನು ನೋಡಿದ್ದು ಸರಿಯಾಗಿ ಹೇಳು ಎಂದು ಗದರಿಸಿದ. ಅಷ್ಟು ಜನರ ಎದುರು ನಾನು ಹೇಳಿದೆ: "ಇಟ್ಟು ಓಡಿದ. ನಾನು ಕಣ್ಣಾರೆ ನೋಡಿದ್ದೇನೆ."

ಅವನು ಓಡಿರಲಿಲ್ಲ. ಅಂಗಡಿಯ ಕಡೆಗೆ ನಿಧಾನವಾಗಿ ನಡೆದುಹೋಗಿದ್ದ.

ಆ ಒಂದು ಮಾತಿಗೆ ಅವನನ್ನು ಠಾಣೆಗೆ ಕರೆದುಕೊಂಡು ಹೋದರು, ಸಾಕ್ಷಿ ಎಂದು ನನ್ನನ್ನೂ ಕರೆದರು. ಇನ್‌ಸ್ಪೆಕ್ಟರು ಹೊರಗೆ ಹೋಗಿದ್ದರು. ನಮ್ಮಿಬ್ಬರನ್ನು ಎದುರೆದುರು ಬೆಂಚಿನಲ್ಲಿ ಕೂರಿಸಿದರು. ಅವನ ಕಷ್ಟ ನನಗೆ ಗೊತ್ತಾದದ್ದು ಆಗ. ಸಂಜೆ ಮಂಗಳೂರಿನಿಂದ ಬೊಂಬಾಯಿ ಬಸ್ಸು. ಅದು ತಪ್ಪಿದರೆ ವಿಮಾನ ತಪ್ಪುತ್ತದೆ. ವಿಮಾನ ತಪ್ಪಿದರೆ ವೀಸಾದ ದಿನ ಮುಗಿಯುತ್ತದೆ, ಕೆಲಸ ಹೋಗುತ್ತದೆ. ತಂಗಿಯ ಮದುವೆ ಆ ಕೆಲಸದ ಮೇಲೆ ನಿಂತಿತ್ತು. ಟ್ರಾನ್ಸಿಸ್ಟರನ್ನು ಪಾಣೆಮಂಗಳೂರಿನಲ್ಲಿ ತಂದೆಗೆ ಕೊಟ್ಟು, ಪೆಟ್ಟಿಗೆ ತೆಗೆದುಕೊಂಡು ಹೊರಡುವುದಿತ್ತು. ಇದನ್ನೆಲ್ಲ ಅವನು ಪೇದೆಗೆ ಹೇಳಿದ, ನನಗಲ್ಲ. ನನ್ನ ಮುಖವನ್ನು ಅವನು ನೋಡಲೇ ಇಲ್ಲ.

ಗೋಡೆಯ ಗಡಿಯಾರದ ಕೆಳಗೆ ನಾನು ಕಾಲಾಡಿಸುತ್ತಾ ಕುಳಿತಿದ್ದೆ. ಕೊನೆಗೆ ಅವನೇ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಕೇಳಿದ: "ವಿಚಾರಣೆ ಮಾಡದೆ ಬಾಂಬು ಹಾಕಿದರು ಅಂತ ನೀವೇ ಬೈದದ್ದಲ್ವಾ ಕಂಡಕ್ಟ್ರೆ? ನಾನು ಓಡಿದೆನಾ?"

ನನ್ನ ಯೋಚನೆ ಎಲ್ಲೆಲ್ಲಿಗೋ ಹೋಯಿತು. ವಿಮಾನದಲ್ಲಿ ಕೂತು ಬಾಂಬು ಹಾಕಿದವನು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಕೆಳಗಿದ್ದವನು ಎದುರು ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳುವುದಿಲ್ಲ. ಹೇಳಿದ್ದು ತಪ್ಪೆಂದು ಗೊತ್ತಾದ ಮೇಲೂ ಮಾನ ಉಳಿಸಿಕೊಳ್ಳಲು ಇನ್ನೊಂದು ಕಾರಣ ಹುಡುಕುವುದು ದೊಡ್ಡ ದೇಶಗಳ ಚಾಳಿ ಎಂದು ನಾನು ಎಷ್ಟು ಸಲ ಬೈದಿರಲಿಲ್ಲ!

ಇನ್‌ಸ್ಪೆಕ್ಟರು ಬಂದರು. ಮೈಸೂರು ಕಡೆಯವರು. ಕುರ್ಚಿಯಲ್ಲಿ ಕೂರುವ ಮೊದಲೇ, "ಏನಯ್ಯಾ, ಇವನು ಓಡಿದ್ನಂತೆ?" ಎಂದು ಕೇಳಿದರು.

ನಾನು ಎದ್ದು ನಿಂತೆ. "ಇಲ್ಲ ಸರ್. ನಡೆದುಕೊಂಡು ಹೋದದ್ದು. ಸೀಟು ಹಿಡಿಯಲಿಕ್ಕೆ ಇಟ್ಟದ್ದು. ಜನ ನಗಾಡಿದರು ಅಂತ ನಾನು ಸುಳ್ಳು ಹೇಳಿದೆ."

ಅವರು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ. ನನ್ನನ್ನೇ ಒಳಗೆ ಹಾಕಬೇಕು ಎಂದರು, ಓದಿದ ಕತ್ತೆ ಎಂದರು. ಆಶ್ಚರ್ಯವೆಂದರೆ, ಒಂದೊಂದು ಬೈಗುಳಕ್ಕೂ ನನ್ನ ಎದೆಯ ಭಾರ ಇಳಿಯುತ್ತಾ ಹೋಯಿತು. ಆಮೇಲೆ ಟ್ರಾನ್ಸಿಸ್ಟರನ್ನು ಅವನ ಕೈಗೆ ಕೊಟ್ಟು, "ಹೋಗಪ್ಪಾ, ಬಸ್ ಹಿಡಿ" ಎಂದರು.

ಡ್ರೈವರ್ ಬಸ್ಸನ್ನು ಸ್ಟ್ಯಾಂಡಿನಿಂದ ತೆಗೆದಿರಲಿಲ್ಲ. ಬಿಸಿಲಿಗೆ ಬೆಂದ ಪ್ರಯಾಣಿಕರ ಶಾಪ ಕೇಳುತ್ತಾ ಹೊರಟೆವು. ಅವತ್ತು ಅವರು ಬಸ್ಸು ಓಡಿಸಿದ ರೀತಿ ನೆನೆದರೆ ಈಗಲೂ ಸೀಟಿನ ಕಂಬಿ ಹಿಡಿಯುವ ಮನಸ್ಸಾಗುತ್ತದೆ. ಸಿದ್ದಕಟ್ಟೆಯಲ್ಲಿ ಕೈ ತೋರಿಸಿದವರನ್ನೂ ಹತ್ತಿಸಲಿಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಅಣ್ಣನಿಗೆ ತಡವಾಯಿತೆಂದು ಮನೆಯಿಂದ ಪೆಟ್ಟಿಗೆ ತಂದು ಅವನ ತಮ್ಮ ಕಾಯುತ್ತಿದ್ದ. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಟ್ರಾನ್ಸಿಸ್ಟರನ್ನು ತಮ್ಮನ ಕೈಗೆ ಕೊಟ್ಟು, ಹೊರಟು ನಿಂತಿದ್ದ ಮಂಗಳೂರು ಬಸ್ಸಿಗೆ ಅವನು ಹಾರಿದ. ಫರಂಗಿಪೇಟೆಯ ಕಡೆ ಆ ಬಸ್ಸು ಮರೆಯಾಗುವ ತನಕ ನಾನು ನೋಡುತ್ತಲೇ ಇದ್ದೆ. ಅವನು ಸಮಯಕ್ಕೆ ಮುಟ್ಟಿದನೋ ಇಲ್ಲವೋ ಎಂದು ತಿಳಿಯದೆ ಕೆಲವು ವಾರ ಸರಿಯಾಗಿ ಊಟ ಸೇರಲಿಲ್ಲ. ಹೋಟೆಲಿನಲ್ಲಿ ಭಾಷಣವನ್ನೂ ಮಾಡಲಿಲ್ಲ.

ಮಳೆ ಸುರುವಾದ ಮೇಲೆ ಒಂದು ದಿನ ಮೂಡಬಿದಿರೆಯಲ್ಲಿ ಒಬ್ಬ ವಯಸ್ಸಾದ ಬ್ಯಾರಿ ಹತ್ತಿದರು. ಸೊಸೆಯನ್ನು ನೋಡಿ ಮರಳುತ್ತಿದ್ದೇನೆ ಎಂದರು. ಮುಖದ ಹೋಲಿಕೆಯಿಂದ ಗುರುತು ಹಿಡಿದೆ. ಟಿಕೇಟಿನ ಪುಸ್ತಕ ಮಡಚಿ ಹತ್ತಿರ ಹೋದೆ.

"ಮಗ ಮುಟ್ಟಿದನಾ ಕಾಕ?"

"ಮುಟ್ಟಿದ. ಬೊಂಬಾಯಿ ಬಸ್ಸು ಹೊರಡುವುದಕ್ಕೂ ಇವ ಹತ್ತುವುದಕ್ಕೂ ಸರಿ ಆಯಿತಂತೆ. ಕೆಲಸದಲ್ಲಿ ಇದ್ದಾನೆ."

ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ಅವನನ್ನು ಠಾಣೆಗೆ ಕಳಿಸಿದವನು ನಾನೇ ಎಂದೆ.

"ಗೊತ್ತುಂಟು," ಎಂದರು ಮುದುಕರು. "ಬಿಡಿಸಿದ್ದೂ ನೀವೇ ಅಂತ ಹೇಳಿದ್ದಾನೆ. ಈಗ ಎದ್ದು ಟಿಕೇಟು ಕೊಡಿ, ಹಿಂದೆ ಜನ ಕಾಯ್ತಾರೆ."