ಸರಸಂಬಾ ಕ್ರಾಸಿನ ಹರವಿ

ಒಳ್ಳೆಯ ಕೆಲಸವನ್ನು ದೂರದಿಂದ ಮೆಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹತ್ತಿರ ಹೋದರೆ ನನ್ನ ಕೈಗೂ ಒಂದು ಕೆಲಸ ಅಂಟೀತೆಂಬ ಭಯ. ಹೀಗಾಗಿ ಸರಸಂಬಾ ಕ್ರಾಸಿನ ಹರವಿಯ ನೀರನ್ನು ವಾರಗಟ್ಟಲೆ ಕುಡಿದರೂ ಅದನ್ನು ತುಂಬುವವರು ಯಾರೆಂದು ಕೇಳಿರಲಿಲ್ಲ.

ನಾನು ಊರಿನ ಶಾಲೆಯಲ್ಲಿ ಗಣಿತದ ಟೀಚರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಆಳಂದದ ಬಸ್ಸಿಗೆಂದು ಕ್ರಾಸಿಗೆ ಬರುವಾಗ ನಡುಮಧ್ಯಾಹ್ನ. ಚಹಾದಂಗಡಿ ಮುಚ್ಚಿರುತ್ತದೆ. ಬೋಳು ತೊಗರಿ ಹೊಲಗಳ ಮೇಲೆ ಬಿಸಿಲು ನಡುಗುತ್ತಿರುತ್ತದೆ. ಕಣ್ಣು ಹಾಯುವಷ್ಟು ದೂರ ಒಂದು ನಾಯಿಯೂ ಇಲ್ಲ. ಬೇವಿನ ಬುಡದಲ್ಲಿ ಮಾತ್ರ ಮಣ್ಣಿನ ಹರವಿ, ಕಂಠಮಟ್ಟ ನೀರು. ಒಂದು ಶನಿವಾರ ಬೋರಲು ಹಾಕಿದ ಲೋಟದಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಸುತ್ತ ನೋಡಿದೆ. ಹುಡಿಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಹೆಜ್ಜೆಯಿರಲಿಲ್ಲ. ಗಣಿತದವಳ ಬೆನ್ನೂ ಜುಮ್ಮೆಂದಿತು.

ಸೋಮವಾರ ಬೆಳಿಗ್ಗೆ ಚಹಾದಂಗಡಿಯ ಶರಣವ್ವನನ್ನು ಕೇಳಿದೆ.

"ಖಾಜಾಬಿ ಖಾಲಾ ತುಂಬತಿದ್ಲರಿ. ಕೌದಿ ಹೊಲೀತಿದ್ಲಲ್ಲ, ಆಕಿ."

"ತುಂಬತಿದ್ಲು ಅಂದ್ರ?"

"ತೀರಿ ಎರಡು ತಿಂಗಳಾತ್ರಿ ಟೀಚರ್." ತಲೆಯ ಮೇಲೆ ಸೆರಗೆಳೆದುಕೊಂಡು ಒಲೆಯ ಕಡೆ ತಿರುಗಿದಳು.

ಹಳೆಯ ಶಾಸನಗಳಲ್ಲಿ ಅರವಟಿಗೆ ಇಡಿಸಿದ ದೊಡ್ಡವರ ಹೆಸರಿರುತ್ತದೆ. ದಿನವೂ ಅದಕ್ಕೆ ನೀರು ಹೊತ್ತವರನ್ನು ಕಲ್ಲಿನ ಮೇಲೆ ನಾನಂತೂ ಕಂಡಿಲ್ಲ.

ಮುಂದಿನ ಶನಿವಾರ ಹರವಿ ಖಾಲಿಯಿತ್ತು. ಹೆದರಿಕೆ ಹೋಗಬೇಕಿತ್ತು, ಹೆಚ್ಚಾಯಿತು. ಖಾಜಾಬಿ ಆ ಹೊತ್ತಿಗೇ ತೀರಿಹೋದಂತೆನಿಸಿತು. ದೂರದ ಬಿಸಿಲಿನಲ್ಲಿ ಕುರಿಗಳನ್ನು ಹೊಡೆದುಕೊಂಡು ಯಾರೋ ಇತ್ತಲೇ ಬರುತ್ತಿದ್ದರು. ಊಟದ ಡಬ್ಬಿ, ಬಾಟಲಿ ಹಿಡಿದು ರಸ್ತೆಯಾಚೆಯ ಬೋರ್‌ವೆಲ್ ಕಡೆ ಓಡಿದೆ. ಎಂಟು ಸಲ ಅಡ್ಡಾಡಿದೆ. ಮೂರನೆಯ ಸಲಕ್ಕೆ ಬಸ್ಸು ನನ್ನ ಕಣ್ಣೆದುರೇ ಹೋಯಿತು. ಕೊನೆಗೆ, ಕಳ್ಳತನ ಮಾಡಿದವಳ ಹಾಗೆ, ಬೇವಿನ ಹಿಂದೆ ಅವಿತು ನಿಂತೆ.

ಬಂದವನು ಕುರಿ ಕಾಯುವ ಮಾಳಪ್ಪ ಕಾಕಾ. ಗಟಗಟ ಕುಡಿದು ಮೂಗು ಮುರಿದ.

"ಟೀಚರ್, ಇವತ್ತ ನೀರಿಗಿ ಉಪ್ಪಿನಕಾಯಿ ವಾಸನಿ ಯಾಕ್ರಿ?"

ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದೆ. "ನಾ ತುಂಬೀನಂತ ಹೆಂಗ ಗೊತ್ತು ಕಾಕಾ?"

"ಶನಿವಾರ ನಿಮ್ದೇ ಪಾಳಿ ಅಲ್ರಿ? ಬುಧವಾರ ನಂದು, ಸಂತಿ ದಿನ ಶರಣವ್ವಂದು. ಉಳದ ದಿನ ಮತ್ಯಾರೋ. ಖಾಲಾ ಹೋದಾಗಿಂದ ಯಾರೂ ಯಾರಿಗೂ ಹೇಳಲಾರದ ನಡದದ."

"ನಾ ತುಂಬಿದ್ದು ಇವತ್ತೇ ಮೊದಲ."

ಲೋಟ ಅವನ ಕೈಯಲ್ಲೇ ನಿಂತಿತು. ಕುರಿಗಳೂ ಮೇಯುವುದನ್ನು ಬಿಟ್ಟಂತಿತ್ತು. "ಹಂಗಾರ ಇಷ್ಟ ಶನಿವಾರ..." ಎಂದವನು ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಲೋಟವನ್ನು ಮೆಲ್ಲಗೆ ಬೋರಲು ಹಾಕಿದ.

ಈಗ ಶನಿವಾರ ನನ್ನದೇ ಪಾಳಿ. ಡಬ್ಬಿಯ ಬದಲು ತೊಳೆದ ಕೊಡ ಒಯ್ಯುತ್ತೇನೆ. ಒಮ್ಮೊಮ್ಮೆ ನಾನು ಹೋಗುವುದರೊಳಗೇ ಹರವಿ ತುಂಬಿರುತ್ತದೆ. ಆಗ ಸುತ್ತ ನೋಡುವುದಿಲ್ಲ. ಒಂದು ಲೋಟ ಕುಡಿದು, ಕುಡಿದಷ್ಟನ್ನು ಮತ್ತೆ ಹಾಕಿ ಬರುತ್ತೇನೆ.